ಭಸ್ಮಾಸುರನ ಬೆಂಗಳೂರು ಪ್ರವಾಸ

ಗುರುವಾರ

ಸಾಗರದಿಂದ ಹೊರಡುವ ರಾತ್ರಿ ರೈಲಿನಲ್ಲಿ ಈಶ್ವರನಿಗೆ ಅಪ್ಪರ್ ಬರ್ತ್, ಮೋಹಿನಿಗೆ ಸೈಡ್ ಲೋಯರ್, ಭಸ್ಮಾಸುರನಿಗೆ ಬಾಗಿಲ ಪಕ್ಕದ ಮಿಡಲ್ ಬರ್ತ್. ಭಸ್ಮಾಸುರ ನಾನೇ. ತಾಲೀಮು ಶುರುವಾದಾಗಿನಿಂದ ನಮ್ಮ ಕ್ಲಾಸಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. "ಪಾರ್ವತೀ, ಚಪಾತಿ ಡಬ್ಬಿ ಎಲ್ಲಿಟ್ಟೆ?" "ಈಶ್ವರಂಗೆ ಇನ್ನೂ ಊಟ ಆಗ್ಲಿಲ್ಲ." ಎದುರು ಸೀಟಿನ ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಯಾವ ಮೇಳ?" ಅಂದರು.

ಯಕ್ಷಗಾನದ ಮೇಳ ಅಲ್ಲ, ಭಾನುವಾರ ಬೆಂಗಳೂರಿನಲ್ಲಿ ನಮ್ಮ ಭರತನಾಟ್ಯದ ನೃತ್ಯರೂಪಕ ಇದೆ ಎಂದೆ. ಅಜ್ಜನ ಉತ್ಸಾಹ ಅರ್ಧಕ್ಕೆ ಇಳಿಯಿತು. "ಚಿಟ್ಟಾಣಿಯವರ ಭಸ್ಮಾಸುರ ನೋಡಿದ್ಯನೇ?" ಎಂದು ಕೇಳಿದರು. ಈ ಪ್ರಶ್ನೆ ನನಗೆ ಹೊಸದಲ್ಲ. ಯಕ್ಷಗಾನದ ಹೆಸರಾಂತ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡಿದ್ದು 2017ರಲ್ಲಿ. ನಮ್ಮ ಕಡೆಯವರ ಲೆಕ್ಕದಲ್ಲಿ ಮಾತ್ರ ಅವರ ಭಸ್ಮಾಸುರ ಇನ್ನೂ ಕುಣಿಯುತ್ತಲೇ ಇದ್ದಾನೆ. ನಮ್ಮ ಅಪ್ಪಯ್ಯನದೂ ಅದೇ ಪಕ್ಷ. ಈ ಪಾತ್ರ ನನಗೆ ಬಂತು ಎಂದು ಹೇಳಿದ ದಿನ ಅಪ್ಪಯ್ಯ ಅಡಿಕೆ ಸುಲಿಯುತ್ತಿದ್ದರು. ಕತ್ತಿಯಿಂದ ಕಣ್ಣೆತ್ತದೆ "ಧೈರ್ಯ ಜಾಸ್ತಿಯಾತು" ಎಂದಿದ್ದರು.

ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕು ಎಂದು ಭಸ್ಮಾಸುರ ಶಿವನಿಂದ ವರ ಪಡೆಯುತ್ತಾನೆ. ಅದನ್ನು ಮೊದಲು ಶಿವನ ಮೇಲೇ ನೋಡಲು ಹೋಗುತ್ತಾನೆ. ಶಿವ ಓಡುತ್ತಾನೆ. ವಿಷ್ಣು ಮೋಹಿನಿಯಾಗಿ ಬಂದು, ನಾನು ಕುಣಿದ ಹಾಗೆ ನೀನು ಕುಣಿದರೆ ಮದುವೆಯಾಗುತ್ತೇನೆ ಎನ್ನುತ್ತಾಳೆ. ಕುಣಿಯುತ್ತಾ ಕುಣಿಯುತ್ತಾ ಅವಳು ತನ್ನ ತಲೆಯ ಮೇಲೆ ಕೈ ಇಡುತ್ತಾಳೆ. ಇವನೂ ಇಡುತ್ತಾನೆ. ಮುಗಿಯಿತು. ಇದೆಲ್ಲ ನಡೆದಿದ್ದು ಕುಮಟಾ ತಾಲೂಕಿನ ಯಾಣದಲ್ಲಿ ಎನ್ನುತ್ತಾರೆ. ಅಲ್ಲಿ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎಂದು ಎರಡು ಕರಿ ಬಂಡೆಗಳು ಕಾಡಿನ ಮಧ್ಯೆ ನಿಂತಿವೆ. ಸುತ್ತಲಿನ ಮಣ್ಣು ಕಪ್ಪಾಗಿರುವುದು ಅವನ ಬೂದಿಯಿಂದಲೇ ಅಂತೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆಯನ್ನು ಅಜ್ಜನೇ ನೆನಪಿಸಿದರು. ಸೊಕ್ಕೂ ರೊಕ್ಕವೂ ಎರಡೂ ಇದ್ದವರು ಬೆಂಗಳೂರಿಗೆ ಹೋಗುತ್ತಾರೆ ಎಂದು ನಮ್ಮ ಟೀಚರ್ ಸೇರಿಸಿದರು.

ನನಗೆ ಈ ಪಾತ್ರ ಸಿಕ್ಕಿದ್ದು ಎತ್ತರದಿಂದ. ಕ್ಲಾಸಿನಲ್ಲಿ ನಾನೇ ಉದ್ದ, ವಯಸ್ಸಿನಲ್ಲೂ ದೊಡ್ಡವಳು. ಮೋಹಿನಿ ಪಿಯುಸಿ ಓದುವ ಹುಡುಗಿ. ಅವಳು ಮಾಡಿದ್ದನ್ನು ನೋಡಿ ನಾನು ಮಾಡಬೇಕು, ಅದೇ ನನ್ನ ಕೆಲಸ. ಸುಲಭ ಅನ್ನಿಸಿತ್ತು. ಡ್ಯಾನ್ಸ್ ಕಲಿಯುವವರು ಬೇರೆ ಇನ್ನೇನು ಮಾಡುತ್ತಾರೆ? ಟೀಚರ್ ನಮಗೆ ಎದುರಾಗಿ ನಿಂತು ಎಡಗೈ ಎತ್ತುತ್ತಾರೆ, ನಾವು ಬಲಗೈ ಎತ್ತುತ್ತೇವೆ. ವರ್ಷಗಟ್ಟಲೆ ಇದೇ.

ಶುಕ್ರವಾರ

ಬೆಳಕು ಹರಿಯುವ ಮೊದಲೇ ಬೆಂಗಳೂರು. ಗಿರಿನಗರದ ಅತ್ತೆ ಮನೆಗೆ ಆಟೋದವನು ಹೇಳಿದ ರೇಟು ಇಲ್ಲಿ ಬರೆಯುವುದಿಲ್ಲ, ಓದುವವರಿಗೂ ಸಂಕಟ. ಅತ್ತೆ ಬಾಗಿಲು ತೆಗೆದವರೇ ಗುಂಪನ್ನು ಎಣಿಸಿ "ಸ್ನಾನಕ್ಕೆ ಚೀಟಿ ಬರ್ದು ಅಂಟಿಸ್ತೆ" ಎಂದರು. ನಿಜವಾಗಿಯೂ ಅಂಟಿಸಿದರು.

ಮಕ್ಕಳಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ ತಿನ್ನುವ ಆಸೆ. 1943ರಿಂದ ಇರುವ ಹೋಟೆಲು, ಬೆಂಗಳೂರಿಗೆ ಬಂದು ಅಲ್ಲಿಗೆ ಹೋಗದಿದ್ದರೆ ಹೇಗೆ? ಆದರೆ ಶುಕ್ರವಾರ ಅಲ್ಲಿ ವಾರದ ರಜೆ. ಬೆಂಗಳೂರಿನವರಿಗೆ ಗೊತ್ತಿರುವ ಸಂಗತಿ, ನಮಗೆ ಮಾವ ಹೇಳಿದ ಮೇಲೆ ಗೊತ್ತಾಯಿತು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆಸಿದರು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರ್ ಇಲ್ಲ, ಚಟ್ನಿ ಮಾತ್ರ, ಅದನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ರಸ್ತೆ ಬದಿಯಲ್ಲಿ ನಿಂತು ತಿಂದೆವು. ಈಶ್ವರ ಚಟ್ನಿಯನ್ನು ಹೆಚ್ಚುಕಮ್ಮಿ ಕುಡಿದ.

ಮಧ್ಯಾಹ್ನ ಬಳೇಪೇಟೆ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್ ಆದ ಮೇಲೆ ಚಿಕ್ಕಪೇಟೆ ಸ್ಟೇಷನ್. ಮೇಲೆ ಬಂದರೆ ಒಂದು ಅಂಗಡಿಯಲ್ಲಿ ತಬಲಾಕ್ಕೆ ಹಗ್ಗ ಬಿಗಿಯುತ್ತಿದ್ದಾರೆ, ಇನ್ನೊಂದರಲ್ಲಿ ಹಾರ್ಮೋನಿಯಂ ಬಿಚ್ಚಿ ಹರಡಿಕೊಂಡಿದ್ದಾರೆ. ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ ಮಹಡಿ ಮೇಲೆ. ಮೆಟ್ಟಿಲು ಎಷ್ಟು ಕಡಿದೆಂದರೆ ಕಿರೀಟ ಹೊತ್ತು ಇಳಿಯುವವರು ಹಿಮ್ಮುಖವಾಗಿ ಇಳಿಯಬೇಕು.

ನಮ್ಮ ಹುಡುಗಿಯರ ಡ್ರೆಸ್, ತಲೆಸಾಮಾನು, ಸೊಂಟದ ಪಟ್ಟಿ ಎಲ್ಲ ಸ್ವಂತದ್ದೇ. ಬೇಕಿದ್ದಿದ್ದು ಈಶ್ವರನ ಜಟೆ, ಹಾವು, ಮತ್ತು ನನ್ನ ಕಿರೀಟ. ಅಂಗಡಿಯವರು ಮೇಲಿನ ಅಟ್ಟದಿಂದ ಒಂದೊಂದೇ ಇಳಿಸಿದರು. "ಇದು ರಾವಣಂದು, ಅಗಲ ಜಾಸ್ತಿ. ಇದು ಕಂಸ. ಇದು ಮಹಿಷಾಸುರ, ಕೊಂಬು ಬಿಚ್ಚಿಕೊಡ್ತೀನಿ ಬೇಕಾದ್ರೆ." ಭಸ್ಮಾಸುರನಿಗೆ ಅಂತ ಪ್ರತ್ಯೇಕ ಕಿರೀಟ ಇಲ್ಲವಂತೆ. ಕೊನೆಗೆ ಕಂಸನದೇ ತಲೆಗೆ ಸರಿಹೋಯಿತು.

ಅಷ್ಟರಲ್ಲಿ ಟೀಚರ್ ಒಂದು ಪ್ರಶ್ನೆ ಎತ್ತಿದರು. ಕಿರೀಟ ಇದ್ದರೆ ಕೈಯನ್ನು ತಲೆಯ ಮೇಲೆ ಇಡುವುದು ಹೇಗೆ? ಇಟ್ಟರೂ ಅದು ಕಿರೀಟದ ಮೇಲೆ ಇಟ್ಟ ಹಾಗಾಗುತ್ತದಲ್ವಾ? ನಾನು ಅಂಗಡಿಯ ಮಧ್ಯದಲ್ಲಿ ನಿಂತು ಪತಾಕ ಹಸ್ತವನ್ನು, ಅಂದರೆ ಬೆರಳು ಜೋಡಿಸಿ ಚಾಚಿದ ಅಂಗೈಯನ್ನು, ಎತ್ತಿ ತೋರಿಸಿದೆ. ಕೈ ಕಿರೀಟದ ತುದಿಯ ಮುತ್ತಿಗೆ ತಗುಲಿ ಎಲ್ಲೋ ಗಾಳಿಯಲ್ಲಿ ನಿಂತಿತು. ಗಿರಾಕಿಯೊಬ್ಬರು ಪಕ್ಕಕ್ಕೆ ಸರಿದರು. ಕಡೆಗೆ ಟೀಚರ್ ನಿರ್ಧಾರ ಮಾಡಿದರು, ಮೋಹಿನಿಯನ್ನು ಮೆಚ್ಚಿಸುವ ಭರದಲ್ಲಿ ಭಸ್ಮಾಸುರ ತಾನೇ ಕಿರೀಟ ತೆಗೆದಿಡುತ್ತಾನೆ. ರೂಪಕದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಹುಟ್ಟಿದ್ದು ಹೀಗೆ, ಬಾಡಿಗೆ ಅಂಗಡಿಯಲ್ಲಿ. ಯಾರಾದರೂ ಇದರ ಹಿಂದಿನ ತತ್ವ ಏನು ಎಂದು ಕೇಳಿದರೆ ನಾವೀಗ ದೊಡ್ಡದಾಗಿ ಏನಾದರೂ ಹೇಳುತ್ತೇವೆ.

ಶನಿವಾರ

ಹನುಮಂತನಗರದಲ್ಲಿ ಪಿಟೀಲಿನವರ ಮನೆಯ ತಾರಸಿಯಲ್ಲಿ ಹಿಮ್ಮೇಳದ ಜೊತೆ ತಾಲೀಮು. ಊರಿನಲ್ಲಿ ಇಷ್ಟು ದಿನ ಟೀಚರ್ ಬಾಯಲ್ಲಿ ಹೇಳುತ್ತಿದ್ದ ಸೊಲ್ಲುಕಟ್ಟು, ಅಂದರೆ ತಾಳದ ಸೊಲ್ಲುಗಳು, ಕೋಲಿನಿಂದ ಬಡಿಯುವ ತಟ್ಟುಮಣೆಯ ಟಕಟಕ, ಫೋನಿನಲ್ಲಿ ಹಾಡು. ಇಲ್ಲಿ ಹಾಡುವವರು, ಮೃದಂಗ, ಕೊಳಲು, ಪಿಟೀಲು, ತಾಳ ಹಿಡಿದು ಸೊಲ್ಲು ಹೇಳುವ ನಟ್ಟುವಾಂಗಕ್ಕೆ ಟೀಚರ್. ಮೃದಂಗದ ಮೊದಲ ಪೆಟ್ಟು ಬಿದ್ದಾಗ ಮೈ ತಾನಾಗಿಯೇ ಮಂಡಿ ಬಗ್ಗಿಸಿ ನಿಲ್ಲುವ ಅರೆಮಂಡಿಗೆ ಇಳಿಯಿತು. ರೆಕಾರ್ಡಿಂಗ್‌ಗೆ ಕುಣಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ರೆಕಾರ್ಡಿಂಗ್ ನಿಮಗಾಗಿ ಕಾಯುವುದಿಲ್ಲ, ನಿಮ್ಮನ್ನು ಕೆಣಕುವುದೂ ಇಲ್ಲ.

ಕೊನೆಯ ಸ್ಪರ್ಧೆಯನ್ನು ಟೀಚರ್ ಜತಿಗಳ ಮೇಲೆ, ಅಂದರೆ ಸೊಲ್ಲುಗಳಿಗೆ ಹಾಕುವ ಹೆಜ್ಜೆಗಳ ಮೇಲೆ, ಕಟ್ಟಿದ್ದಾರೆ. ತಾಳ ಆದಿ, ಎಂಟು ಅಕ್ಷರ, ಅಂದರೆ ಎಂಟು ಎಣಿಕೆ, ಅದು ಬದಲಾಗುವುದಿಲ್ಲ. ಒಳಗಿನ ನಡೆ, ಅಂದರೆ ಒಂದು ಎಣಿಕೆಯೊಳಗಿನ ಭಾಗಗಳ ಲೆಕ್ಕ, ಬದಲಾಗುತ್ತದೆ. ಮೊದಲು ಚತುರಶ್ರ, ಅಕ್ಷರಕ್ಕೆ ನಾಲ್ಕು ಮಾತ್ರೆ, ತಕಧಿಮಿ. ಆಮೇಲೆ ತಿಶ್ರ, ಮೂರು, ತಕಿಟ. ಆಮೇಲೆ ಖಂಡ, ಐದು. ಆಮೇಲೆ ಮಿಶ್ರ, ಏಳು. ಪ್ರತಿ ನಡೆಯಲ್ಲೂ ಮೋಹಿನಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಕುಣಿಯುತ್ತಾಳೆ, ಮುಂದಿನ ಆವರ್ತದಲ್ಲಿ ನಾನು ಅದನ್ನೇ ಒಪ್ಪಿಸಬೇಕು. ಸಂಕೀರ್ಣ, ಅಂದರೆ ಒಂಬತ್ತರದ್ದೂ ಇತ್ತು. ಆದರೆ ಕಾರ್ಯಕ್ರಮದವರು ನಮಗೆ ಕೊಟ್ಟ ಸಮಯ ಐವತ್ತು ನಿಮಿಷ. ಅದಕ್ಕೆ ಟೀಚರ್ ಊರಿನಲ್ಲೇ ಅದನ್ನು ಕತ್ತರಿಸಿದ್ದರು.

ಎರಡು ಸಲ ಓಡಿಸಿದ ಮೇಲೆ ಮೃದಂಗದವರು ಕೈ ಒರೆಸಿಕೊಂಡು ನನ್ನನ್ನು ಕರೆದರು. ಹಿರಿಯರು, ಮಾತು ಕಡಿಮೆ.

"ನೋಡಮ್ಮಾ, ನೀನು ನನ್ನ ಕೈ ಕೇಳ್ತಾ ಇದೀಯ."

"ಹೌದು ಸಾರ್."

"ಭಸ್ಮಾಸುರಂಗೆ ಮೃದಂಗ ಎಲ್ಲಿ ಕೇಳ್ಸತ್ತೆ? ಅವನಿಗೆ ಅವಳ ಕಾಲು ಮಾತ್ರ ಕಾಣೋದು. ನೀನು ಅವಳ ಕಾಲು ನೋಡು. ನನ್ನ ಪಾಡಿಗೆ ನಾನು ಬರ್ತೀನಿ."

ಇದನ್ನು ಬರೆಯುವುದು ಸುಲಭ. ಮಾಡಲು ಹೋದರೆ ತಲೆ ಕೆಡುತ್ತದೆ. ಖಂಡ ನಡೆ ನನಗೆ ಬಾಯಿಪಾಠ. ಮೋಹಿನಿ ಮಾಡುವ ಮೊದಲೇ ನನ್ನ ಕಾಲಿಗೆ ಗೊತ್ತು. ಆದರೆ ಭಸ್ಮಾಸುರನಿಗೆ ಗೊತ್ತಿಲ್ಲ, ಅವನು ಇದನ್ನು ಈಗ ಕಲಿಯುತ್ತಿದ್ದಾನೆ. ಗೊತ್ತಿರುವ ಹೆಜ್ಜೆಯನ್ನು ಗೊತ್ತಿಲ್ಲದವನ ಹಾಗೆ ಇಡಬೇಕು, ತಾಳವೂ ತಪ್ಪಬಾರದು. ಟೀಚರ್ ಒಂದು ದಾರಿ ಹೇಳಿದರು. ಮೊದಲ ನಡೆಯಲ್ಲಿ ಅವಳ ಕಾಲನ್ನೇ ನೋಡು, ಎರಡನೆಯದರಲ್ಲಿ ಕೈ, ಮೂರನೆಯದರಲ್ಲಿ ಮುಖ. ನಾಲ್ಕನೆಯದರಲ್ಲಿ ನೋಡುವುದನ್ನೇ ಬಿಡು, ಅವನಿಗೆ ಈಗ ತನ್ನ ಮೇಲೆ ನಂಬಿಕೆ ಬಂದಿದೆ. ಸಾಯುವುದು ಆಗಲೇ.

ತಾರಸಿಯ ನೆಲ ಹನ್ನೊಂದು ಗಂಟೆಗೆ ಕಾಯತೊಡಗಿತು. ಪಿಟೀಲಿನವರ ಮನೆಯವರು ಬಕೆಟ್‌ನಲ್ಲಿ ನೀರು ತಂದು ಚೆಲ್ಲಿದರು. ಒಣಗುವವರೆಗೆ ಮಜ್ಜಿಗೆ, ಚಕ್ಕುಲಿ, ಹಳೆಯ ಕಥೆ. ಮೈಸೂರು ಅರಮನೆಯಲ್ಲಿ ಕುಣಿಯುತ್ತಿದ್ದ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರ ವಿಷಯ ಬಂತು. ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂದಿತ್ತು, ಅಭಿನಯಕ್ಕೆ ಅವರದೇ ಹೆಸರು. ಯು.ಎಸ್. ಕೃಷ್ಣರಾವ್ ಅವರ ವಿಷಯವೂ ಬಂತು. ಸೆಂಟ್ರಲ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ, ಹೆಂಡತಿ ಚಂದ್ರಭಾಗಾದೇವಿಯವರ ಜೊತೆ ಭರತನಾಟ್ಯ ಮಾಡುತ್ತಿದ್ದವರು. ಇಬ್ಬರೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಕಲಿತವರು. ನಮ್ಮ ಈಶ್ವರ ಸೈನ್ಸ್ ವಿದ್ಯಾರ್ಥಿ. ಕ್ಲಾಸಿನಲ್ಲಿರುವ ಒಬ್ಬನೇ ಹುಡುಗ, ಮನೆಯಲ್ಲಿ ಡ್ಯಾನ್ಸ್ ಬಿಡು ಎನ್ನುತ್ತಿದ್ದಾರೆ. ಕೆಮಿಸ್ಟ್ರಿ ಮೇಷ್ಟ್ರ ಕಥೆಯನ್ನು ಅವನು ಎರಡು ಸಲ ಹೇಳಿಸಿಕೊಂಡ.

ಭಾನುವಾರ

ಜೆ.ಸಿ. ರೋಡಿನಲ್ಲಿ ಕಾರಿನ ಸೀಟ್ ಕವರ್, ಹಾರ್ನ್, ಬಂಪರ್ ಮಾರುವ ಅಂಗಡಿಗಳ ಸಾಲು ಕಾಣುತ್ತಿದ್ದರೆ ನಮ್ಮ ಕಾರ್ಯಕ್ರಮ ನಡೆಯುವ ರವೀಂದ್ರ ಕಲಾಕ್ಷೇತ್ರ ಹತ್ತಿರ ಬಂತು ಎಂದು ಅರ್ಥ. ರವೀಂದ್ರನಾಥ ಟ್ಯಾಗೋರರ ನೂರನೇ ವರ್ಷದ ನೆನಪಿಗೆ ಕಟ್ಟಿದ್ದು, 1963ರಲ್ಲಿ ಶುರುವಾಯಿತು. ಹಿಂದುಗಡೆ ಸಂಸ ಬಯಲು ರಂಗಮಂದಿರ. ರಂಗನಿರ್ದೇಶಕ ಬಿ.ವಿ. ಕಾರಂತರು 1972ರಲ್ಲಿ ನಾಟಕಗಳನ್ನು ಬಯಲಿಗೆ ತಂದು ಆಡಿಸಿದ್ದು ಇಲ್ಲೇ. ಹೆಗ್ಗೋಡು ನಮಗೆ ಪಕ್ಕದ ಊರು, ಅಲ್ಲಿನ ನೀನಾಸಂ ರಂಗಸಂಸ್ಥೆಯ ನಾಟಕ ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ಈ ಜಾಗದ ಹೆಸರು ಚಿಕ್ಕಂದಿನಿಂದ ಕಿವಿಯ ಮೇಲೆ ಬಿದ್ದಿದೆ. ರಂಗದ ಮೇಲೆ ನಿಂತು ಖಾಲಿ ಕುರ್ಚಿಗಳನ್ನು ನೋಡಿದಾಗ ಮೋಹಿನಿ "ಅಕ್ಕಾ, ಇಷ್ಟು ಉದ್ದ ಓಡ್ಬೇಕಾ?" ಎಂದಳು. ನಮ್ಮ ಕ್ಲಾಸಿನ ಕೋಣೆಯಲ್ಲಿ ಎಂಟು ಹೆಜ್ಜೆಗೆ ಗೋಡೆ ಸಿಗುತ್ತದೆ.

ಮಧ್ಯಾಹ್ನ ಲೈಟ್ ಜೋಡಿಸುವವರು ಮೇಲಿಂದ ಕೂಗಿದರು: "ಮೇಡಂ, ಸುಡೋದು ಎಲ್ಲಿ?"

"ಇಲ್ಲೇ, ನಡುವೆ."

"ನಿಂತ್ಕೊಂಡು ಸಾಯ್ತೀರೋ, ಬಿದ್ದು ಸಾಯ್ತೀರೋ?"

ಮೊದಲು ನಿಂತು, ಆಮೇಲೆ ಬಿದ್ದು. ನೆಲಕ್ಕೆ ಬಿಳಿ ಟೇಪಿನಲ್ಲಿ ಒಂದು ಗುರುತು ಅಂಟಿಸಿದರು. ಸಾಯುವ ಜಾಗ ಗೊತ್ತಾಗಿದ್ದೇ ಸಮಾಧಾನವಾಯಿತು.

ಗ್ರೀನ್ ರೂಮಿನಲ್ಲಿ ಮೇಕಪ್ಪಿನವರು ನನ್ನನ್ನು ಕೊನೆಗೆ ಕೂರಿಸಿಕೊಂಡರು. ಹುಡುಗಿಯರದ್ದೆಲ್ಲ ಒಂದೇ ಲೆಕ್ಕ, ಪ್ಯಾನ್‌ಕೇಕ್, ಕಣ್ಣಿಗೆ ಕಾಡಿಗೆ, ಕೈಗೆ ಕಾಲಿಗೆ ಆಲ್ತಾದ ಕೆಂಪು. ನನ್ನದು ಬೇರೆ. ಒದ್ದೆ ಸ್ಪಂಜಿನಿಂದ ಕೆಂಪು ಛಾಯೆ ಬಳಿದರು. ಹುಬ್ಬುಗಳನ್ನು ಮೇಲಕ್ಕೆ ಎಳೆದು ಕಿವಿಯ ತನಕ ಒಯ್ದರು. ಕಣ್ಣಿನ ಸುತ್ತ ಕಪ್ಪು, ಅದರಾಚೆ ಒಂದು ಬಿಳಿ ಗೆರೆ. ಮೀಸೆಗೆ ಕೂದಲು ಅಂಟಿಸಲು ಹೋದವರು ನನ್ನ ಮೂಗಿನ ಕೆಳಗಿನ ಬೆವರು ನೋಡಿ, ಬೇಡ, ನಿಲ್ಲುವುದಿಲ್ಲ ಎಂದು ಪೆನ್ಸಿಲ್ಲಿನಲ್ಲೇ ಬರೆದರು. ಬಲಗಡೆಯದ್ದು ಬರೆದು ಹಿಂದೆ ಸರಿದು ನೋಡಿದರು, ಆಮೇಲೆ ಎಡಗಡೆ. "ನಗಿ ಒಂದ್ಸಲ" ಎಂದರು. ನಕ್ಕೆ. "ಹಂಗೆ ನಗ್ಬೇಡಿ, ಅವನ ಥರ ನಗಿ." ಕನ್ನಡಿಯಲ್ಲಿ ನೋಡಿದರೆ ನನ್ನ ಸಣ್ಣ ಚಿಕ್ಕಪ್ಪ ಕಂಡರು. ತಮಾಷೆ ಅಲ್ಲ, ಅದೇ ಹುಬ್ಬು. ಆ ಚಿಕ್ಕಪ್ಪ ಗೋಡೆಗೆ ಒರಗಿ ಎದೆ ಉಬ್ಬಿಸಿ ನಿಲ್ಲುವ ಭಂಗಿಯನ್ನು ಅಲ್ಲೇ ಕದ್ದು ಪಾತ್ರಕ್ಕೆ ಹಾಕಿಕೊಂಡೆ.

ಗೆಜ್ಜೆಯನ್ನು ಕಣ್ಣಿಗೊತ್ತಿ ಕಟ್ಟಿಕೊಂಡೆವು. ರಂಗಪೂಜೆ ಆಯಿತು. ನಂತರ ಭಾಷಣ. ನಮ್ಮ ರೂಪಕಕ್ಕೆ ಮೊದಲು ಅತಿಥಿಗಳು ಮಾತಾಡುತ್ತಾರೆ, ಹತ್ತು ನಿಮಿಷ ಎಂದಿದ್ದರು. ಒಬ್ಬರು ನೃತ್ಯದ ಚರಿತ್ರೆಯನ್ನು ನಾಟ್ಯಶಾಸ್ತ್ರದಿಂದ ಶುರು ಮಾಡಿದರು. ಅವರು ಇನ್ನೂ ಹದಿನೆಂಟನೇ ಶತಮಾನಕ್ಕೆ ಬಂದಿರಲಿಲ್ಲ, ನಾವು ಸೈಡ್ ವಿಂಗಿನಲ್ಲಿ ಪೂರ್ತಿ ವೇಷದಲ್ಲಿ ಬೆವರುತ್ತಾ ನಿಂತಿದ್ದೆವು. ಶಾಲು ಹೊದಿಸುವುದು, ಹಾರ, ಹಣ್ಣಿನ ಬುಟ್ಟಿ, ಫೋಟೋ. ನನ್ನ ಅಭಿಪ್ರಾಯ ಕೇಳಿದರೆ, ಈ ಕಾರ್ಯಕ್ರಮಗಳಲ್ಲಿ ಭಾಷಣವನ್ನು ಕೊನೆಗೆ ಇಡಬೇಕು. ಕೇಳಬೇಕಾದವರು ಕೂತಿರುತ್ತಾರೆ, ಗೆಜ್ಜೆ ಕಟ್ಟಿದವರ ಕಾಲು ತಣ್ಣಗಾಗುವುದಿಲ್ಲ. ಪಾರ್ವತಿ ಮೂಲೆಯಲ್ಲಿ ಸುಮ್ನೆ ಕಾಲು ತಟ್ಟುವ ತಟ್ಟಡವು ಹಾಕುತ್ತಾ ಕಾಲು ಬೆಚ್ಚಗಿಟ್ಟುಕೊಂಡಳು, ಸದ್ದಾಗದಂತೆ ಗೆಜ್ಜೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು.

ರಂಗಕ್ಕೆ ಹೋದ ಮೇಲೆ ಪ್ರೇಕ್ಷಕರು ಕಾಣುವುದಿಲ್ಲ. ಮುಂದಿನ ಸಾಲಿನ ಕೆಲವು ಮಂಡಿಗಳು, ಒಂದೆರಡು ಮೊಬೈಲ್ ಬೆಳಕು, ಅದರಾಚೆ ಕತ್ತಲೆ. ವರ ಪಡೆಯುವ ದೃಶ್ಯ, ಶಿವನನ್ನು ಅಟ್ಟಿಸಿಕೊಂಡು ಹೋಗುವುದು ಎಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈಶ್ವರ ಓಡುವಾಗ ಒಂದು ಮಗು ಜೋರಾಗಿ "ಓಡು ಓಡು" ಎಂದಿದ್ದು ಮಾತ್ರ ನೆನಪಿದೆ. ಸಭೆ ನಕ್ಕಿತು. ಆ ನಗು ಬಂದ ಮೇಲೆ ನನ್ನ ಹೆಗಲು ಸಡಿಲವಾಯಿತು.

ಆಮೇಲೆ ಸ್ಪರ್ಧೆ. ಚತುರಶ್ರದಲ್ಲಿ ಅವಳ ಕಾಲು ನೋಡಿದೆ. ತಾರಸಿಯಲ್ಲಿ ನೋಡಿದ್ದೇ ಕಾಲು, ಆದರೆ ಇಲ್ಲಿ ಆಲ್ತಾ ಹಚ್ಚಿದ ಬೆರಳಂಚು ಲೈಟಿನಲ್ಲಿ ಎದ್ದು ಕಾಣುತ್ತಿತ್ತು. ನಾಟಡವು ಎಂಬ ಹೆಜ್ಜೆಯಲ್ಲಿ ಅವಳು ಹಿಮ್ಮಡಿಯನ್ನು ಇಡುವ ಮೊದಲು ಒಂದು ಕೂದಲೆಳೆಯಷ್ಟು ತಡೆಯುತ್ತಾಳೆ. ಇಷ್ಟು ತಿಂಗಳು ಪಕ್ಕದಲ್ಲಿ ಕುಣಿದರೂ ಅದನ್ನು ನಾನು ಕಂಡಿರಲಿಲ್ಲ. ನನ್ನ ಸರದಿಯಲ್ಲಿ ನಾನೂ ಅಷ್ಟೇ ತಡೆದೆ. ಟೀಚರ್ ಹಾಗೆ ಹೇಳಿಕೊಟ್ಟಿಲ್ಲ, ಆದರೆ ಭಸ್ಮಾಸುರ ನೋಡಿದ್ದು ಅದನ್ನೇ ಅಲ್ವಾ? ಮೃದಂಗದವರು ಆ ತಡೆಯನ್ನೂ ಬಿಡದೆ ಹಿಡಿದರು. ತಿಶ್ರದಲ್ಲಿ ಕೈ. ಖಂಡದಲ್ಲಿ ಮುಖ. ಈ ಹುಡುಗಿ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಮಾಡುವವಳು, ಆಗ ಮಾತ್ರ ನನಗಿಂತ ದೊಡ್ಡವಳಾಗಿ, ಎಲ್ಲ ಗೊತ್ತಿರುವವಳಾಗಿ ಕಂಡಳು. ಅವಳು ಕಣ್ಣಲ್ಲೇ ಕಿರೀಟ ತೋರಿಸಿದಳು. ತೆಗೆದು ಪಕ್ಕಕ್ಕಿಟ್ಟೆ.

ಮಿಶ್ರದಲ್ಲಿ ನೋಡುವುದನ್ನು ಬಿಟ್ಟೆ. ಸಭೆಯ ಕಡೆ ತಿರುಗಿ ಕುಣಿದೆ. ಕಲಿತು ಮುಗಿಸಿದೆ ಎಂದುಕೊಂಡವನ ಕುಣಿತ ಅದು, ಮಜಾ ಇತ್ತು. ಜತಿ ಮುಗಿಸುವ ತೀರ್ಮಾನದ ಕೊನೆಯ "ತತ್ತೈ ತಾಂ"ಗೆ ಕೈ ಮೇಲೆ ಹೋಯಿತು. ಬೆವರಿಗೆ ತಲೆ ಒದ್ದೆಯಾಗಿತ್ತು, ಅಂಗೈ ಬಿಸಿಯಿತ್ತು. ಕೆಂಪು ಲೈಟು ಬಂತು. ಟೇಪಿನ ಗುರುತಿನ ಮೇಲೇ ಬಿದ್ದೆ.

ಅಪ್ಪಯ್ಯ ಭಾನುವಾರ ಬೆಳಗಿನ ಬಸ್ಸಿಗೆ ಬಂದಿದ್ದರು. ಮುಗಿದ ಮೇಲೆ ಗ್ರೀನ್ ರೂಮಿನ ಬಾಗಿಲಲ್ಲಿ ಪಂಚೆಯ ಚುಂಗು ಹಿಡಿದು ನಿಂತಿದ್ದರು. ನಾನು ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದೆ.

"ಹ್ಯಾಂಗಾತು?"

"ಎಂತಕ್ಕೆ ಅಷ್ಟು ಬೇಗ ಸತ್ತೆ?" ಎಂದರು. "ಈಗಷ್ಟೇ ರಂಗೇರ್ತಾ ಇತ್ತು. ಇನ್ನೂ ಒಂದು ಸುತ್ತು ಕುಣಿದು ಸಾಯ್ಲಕ್ಕಿತ್ತು."

ಯಕ್ಷಗಾನದಲ್ಲಿ ಬೆಳಗಿನ ಜಾವದವರೆಗೆ ಕುಣಿದು ಸಾಯುವವರನ್ನು ನೋಡಿದವರಿಗೆ ಐವತ್ತು ನಿಮಿಷ ಯಾವ ಲೆಕ್ಕ. ಟೀಚರ್ ಪಕ್ಕದಲ್ಲೇ ಆಭರಣ ಎಣಿಸುತ್ತಿದ್ದರು. ಏನೂ ಹೇಳಲಿಲ್ಲ.

ಸೋಮವಾರ

ವಿದ್ಯಾರ್ಥಿ ಭವನದ ದೋಸೆ ಆಯಿತು. ಕಾಯಬೇಕಾಯಿತು, ಯಾರಿಗೂ ಬೇಜಾರಿಲ್ಲ. ಅಪ್ಪಯ್ಯ ಎರಡು ತಿಂದರು.

ಬಳೇಪೇಟೆಯಲ್ಲಿ ಜಟೆ, ಹಾವು, ಕಿರೀಟ ವಾಪಸ್ ಕೊಟ್ಟೆವು. ಕಿರೀಟದ ಒಂದು ಮುತ್ತು ಉದುರಿತ್ತು, ಅಡ್ವಾನ್ಸಿನಲ್ಲಿ ಸ್ವಲ್ಪ ಹಿಡಿದುಕೊಂಡರು. ಈ ವಾರವೇ ಅದು ಮತ್ತೆ ಕಂಸನಾಗಿ ಹೊಸಕೋಟೆ ಕಡೆ ಹೋಗುತ್ತದಂತೆ. ಅಂಗಡಿಯವರು ರಸೀದಿ ಬರೆಯುವಾಗ ಟೀಚರ್ ಗಾಜಿನ ಕೌಂಟರಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿರುವುದು ಕಂಡಿತು. ತುಟಿ ಅಲ್ಲಾಡುತ್ತಿತ್ತು. ತಕಧಿಮಿ ತಕತಕಿಟ, ತಕಧಿಮಿ ತಕತಕಿಟ. ಒಂಬತ್ತು.

"ನಿಮ್ಮಪ್ಪ ಹೇಳಿದ್ದು ಸರಿ" ಎಂದರು, ನನ್ನ ಕಡೆ ನೋಡದೆ. "ಸಂಕೀರ್ಣ ಹಾಕಿಬಿಡೋಣ. ಬೇಕಾದ್ರೆ ಶಿವ ಓಡೋದನ್ನ ಚಿಕ್ಕದು ಮಾಡ್ತೀನಿ."

"ನಂದೇ ಯಾಕೆ ಕಟ್?" ಎಂದ ಈಶ್ವರ.

ಮಾತು ಮೆಟ್ಟಿಲಿಳಿಯುವವರೆಗೂ ನಡೆಯಿತು. ಬುಧವಾರ ಸೇರೋಣ ಎಂದರೆ ಮೋಹಿನಿಗೆ ಇಂಟರ್ನಲ್ ಪರೀಕ್ಷೆ ಇದೆಯಂತೆ. ಕೊನೆಗೆ ಗುರುವಾರ ಸಂಜೆ ಐದೂವರೆಗೆ ಎಂದಾಯಿತು. ಒಂಬತ್ತರ ನಡೆಯಲ್ಲಿ ನಾನು ಎಲ್ಲಿ ನೋಡಬೇಕು ಎಂದು ಕೇಳಿದೆ. ಅದನ್ನು ನೀನೇ ಹುಡುಕಿಕೊಂಡು ಬಾ ಎಂದರು ಟೀಚರ್.